ಕಂಪನಿಯ ಪ್ರಶ್ನೆ, ವಿದ್ಯಾರ್ಥಿಗಳ ಸಲಹೆ

ವೈದ್ಯನಾಗುವವನು ಆಸ್ಪತ್ರೆಯಲ್ಲಿಯೂ ವಕೀಲನಾಗುವವನು ಹಿರಿಯರ ಕಚೇರಿಯಲ್ಲಿಯೂ ಪಳಗುತ್ತಾನೆ. ವ್ಯವಹಾರಾಡಳಿತವನ್ನು ಕಲಿಯುವವನು ಎಲ್ಲಿ ಪಳಗಬೇಕು? ಅಮೆರಿಕದ ಆನ್ ಆರ್ಬರ್ ನಗರದ ಮಿಷಿಗನ್ ವಿಶ್ವವಿದ್ಯಾನಿಲಯದ ವ್ಯವಹಾರ ಶಾಲೆಯು 1992ರಲ್ಲಿ ಇದಕ್ಕೊಂದು ಏರ್ಪಾಡನ್ನು ಮಾಡಿತು. ಕಂಪನಿಗಳು ತಮ್ಮ ಸಮಸ್ಯೆಗಳನ್ನು ಪ್ರಸ್ತಾಪರೂಪದಲ್ಲಿ ಶಾಲೆಗೆ ಸಲ್ಲಿಸುತ್ತವೆ, ಎಂ.ಬಿ.ಎ. ಮೊದಲ ವರ್ಷದ ವಿದ್ಯಾರ್ಥಿಗಳು ಸಣ್ಣ ತಂಡಗಳಾಗಿ, ಅಧ್ಯಾಪಕರ ಮಾರ್ಗದರ್ಶನದಲ್ಲಿ, ಏಳು ವಾರ ಅವನ್ನು ಪರಿಶೀಲಿಸಿ ಸಲಹೆ ನೀಡುತ್ತಾರೆ.

ಈ ಪದ್ಧತಿಯ ಫಲಾಫಲವು ಬಹುಮಟ್ಟಿಗೆ ಆ ಪ್ರಸ್ತಾಪವನ್ನೇ ಅವಲಂಬಿಸಿದೆ. "ನಮ್ಮ ಮಾರಾಟ ಹೆಚ್ಚುವುದು ಹೇಗೆ?" ಎಂಬುದು ಬರಿಯ ಹಾರೈಕೆ. "ಈ ಸರಕನ್ನು ಈ ಪ್ರಾಂತದಲ್ಲಿ ಏಜೆಂಟರ ಮೂಲಕ ಮಾರುವುದು ಲಾಭಕರವೋ, ನೇರವಾಗಿ ಮಾರುವುದೋ?" ಎಂಬುದಾದರೆ ಏಳು ವಾರಗಳಲ್ಲಿ ಉತ್ತರಿಸಬಹುದಾದ ಪ್ರಶ್ನೆ. ಇದರೊಡನೆ ಲೆಕ್ಕಪತ್ರಗಳನ್ನು ತೋರಿಸುವ ಒಪ್ಪಿಗೆಯೂ ಸಂದೇಹಗಳನ್ನು ಪರಿಹರಿಸುವ ಹೊಣೆಹೊತ್ತ ಅಧಿಕಾರಿಯೊಬ್ಬನೂ ಅವಶ್ಯ. ಬ್ಯಾಂಕಿಗೆ ಬರುವ ಸಾಲದ ಅರ್ಜಿಯ ನಿಯಮವೂ ಇದೇ: ಉದ್ದೇಶವು ಅಸ್ಪಷ್ಟವಾಗಿದ್ದರೆ ಜಾಮೀನು ಎಷ್ಟಿದ್ದರೂ ಸಾಲವು ಸಫಲವಾಗದು.

ಅಪಾಯವೂ ಉಂಟು. ಆಡಳಿತವರ್ಗವು ಮೊದಲೇ ಕೈಗೊಂಡ ನಿರ್ಣಯಕ್ಕೆ ತಂಡದ ಮುದ್ರೆಯನ್ನಷ್ಟೇ ಬಯಸಿದರೆ, ಅಥವಾ ವಿದ್ಯಾರ್ಥಿಗಳನ್ನು ಅಗ್ಗದ ಗುಮಾಸ್ತರಂತೆ ದುಡಿಸಿದರೆ, ವಿದ್ಯೆಯು ಕೆಡುತ್ತದೆ. ಒಂದು ವಿಭಾಗವನ್ನು ಮುಚ್ಚಬಹುದೆಂಬ ಸಲಹೆಯು ವಿದ್ಯಾರ್ಥಿಗೆ ಅಭ್ಯಾಸವಾದರೂ ಅಲ್ಲಿ ದುಡಿಯುವವರಿಗೆ ಅನ್ನದ ಪ್ರಶ್ನೆ. ಆದುದರಿಂದ ಅನುಚಿತ ಪ್ರಸ್ತಾಪವನ್ನು ನಿರಾಕರಿಸುವ ಸ್ವಾತಂತ್ರ್ಯವು ಶಾಲೆಗೂ, ಅಪ್ರಿಯವಾದ ಉತ್ತರವನ್ನು ಕೇಳುವ ತಾಳ್ಮೆಯು ಕಂಪನಿಗೂ ಇರಬೇಕು. ಇವೆರಡೂ ಕೂಡಿದಲ್ಲಿ ಮಾತ್ರ ಈ ಏಳು ವಾರಗಳು ಶಿಕ್ಷಣವೆನಿಸುತ್ತವೆ.