ನಿಮಗಿದು ಗೊತ್ತೆ? ಕಲ್ಲಿದ್ದಲ ಕರೆಂಟಿಗೆ ಬ್ರಿಟನ್ನಿನಲ್ಲಿ 142 ವರ್ಷ ಆಯುಸ್ಸು

ಕಲ್ಲಿದ್ದಲು ಸುಟ್ಟು ಊರಿಗೆ ವಿದ್ಯುತ್ ಕೊಡುವ ಮೊದಲ ಸ್ಥಾವರ 1882ರಲ್ಲಿ ಲಂಡನ್ನಿನ ಹೋಬರ್ನ್ ವಯಾಡಕ್ಟ್‌ನಲ್ಲಿ ಶುರುವಾಯಿತು. ಅದರ ಹಿಂದಿದ್ದದ್ದು ಥಾಮಸ್ ಎಡಿಸನ್‌ನ ಕಂಪನಿ. ಬೆಳಗಿದ್ದು ಅಕ್ಕಪಕ್ಕದ ಬೀದಿದೀಪಗಳು ಮತ್ತು ಕಟ್ಟಡಗಳು. ಅದೇ ಬ್ರಿಟನ್ 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಕಲ್ಲಿದ್ದಲು ಸ್ಥಾವರ ರಾಟ್‌ಕ್ಲಿಫ್ ಆನ್ ಸೋರ್‌ಗೆ ಬೀಗ ಹಾಕಿತು. ಜಿ7 ದೇಶಗಳಲ್ಲಿ ಈ ಕೆಲಸ ಮೊದಲು ಮಾಡಿದ್ದು ಅದೇ.

ಅಚ್ಚರಿಯೆಂದರೆ ಅದರ ವೇಗ. 2012ರಲ್ಲೂ ಆ ದೇಶದ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಸುಮಾರು ಶೇ 40 ಇತ್ತು! ಪರಿಸರಪ್ರೇಮವೊಂದೇ ಇದನ್ನು ಸಾಧಿಸಿತು ಅನ್ನಬೇಡಿ. ಇಂಗಾಲ ಉಗುಳುವುದಕ್ಕೆ 2013ರಿಂದ ಕನಿಷ್ಠ ಬೆಲೆ ಕಟ್ಟಿದ್ದರಿಂದ ಕಲ್ಲಿದ್ದಲು ದುಬಾರಿಯಾಯಿತು. ಇತ್ತ ಉತ್ತರ ಸಮುದ್ರದಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿ ನಿಂತವು. 2017ರ ಏಪ್ರಿಲ್ 21ರಂದು, ಕೈಗಾರಿಕಾ ಕ್ರಾಂತಿಯ ನಂತರ ಮೊದಲ ಬಾರಿಗೆ, ಬ್ರಿಟನ್ ಇಡೀ ದಿನ ಕಲ್ಲಿದ್ದಲ ವಿದ್ಯುತ್ತಿಲ್ಲದೆ ಕಳೆಯಿತು.

ಒಂದು ತಕರಾರೂ ಉಂಟು. ಯಾರ್ಕ್‌ಷೈರ್‌ನ ದೈತ್ಯ ಡ್ರ್ಯಾಕ್ಸ್ ಸ್ಥಾವರ ಈಗ ಕಲ್ಲಿದ್ದಲಿನ ಬದಲು ಮರದ ಉಂಡೆಗಳನ್ನು ಸುಡುತ್ತದೆ. ಅವುಗಳಲ್ಲಿ ಹೆಚ್ಚಿನವು ಅಮೆರಿಕದಿಂದ ಹಡಗೇರಿ ಬರುತ್ತವೆ. ಲೆಕ್ಕದ ಪುಸ್ತಕದಲ್ಲಿ ಇದು ನವೀಕರಿಸಬಹುದಾದ ಇಂಧನ! ಪರಿಸರವಾದಿಗಳು ಒಪ್ಪುವುದಿಲ್ಲ, ಅವರ ಆಕ್ಷೇಪದಲ್ಲಿ ಹುರುಳಿದೆ.

ಅಂದಹಾಗೆ, ಬ್ರಿಟನ್ ಪಳೆಯುಳಿಕೆ ಇಂಧನದಿಂದ ಪೂರ್ತಿ ಬಿಡುಗಡೆ ಹೊಂದಿಲ್ಲ. 2024ರಲ್ಲೂ ಅಲ್ಲಿನ ವಿದ್ಯುತ್ತಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಬಂದದ್ದು ನೈಸರ್ಗಿಕ ಅನಿಲದಿಂದ.