ತೊಗಲುಗೊಂಬೆಯ ಶಿಥಿಲತೆ: ಗಣಕಮಾದರಿಯ ಮೊದಲ ಹೆಜ್ಜೆಗಳು

ಕರ್ನಾಟಕದ ತೊಗಲುಗೊಂಬೆಗಳನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಕಥನ, ವರ್ಣವಿನ್ಯಾಸ ಹಾಗೂ ಕಿಳ್ಳೇಕ್ಯಾತ ಸಮುದಾಯದ ಬದುಕನ್ನು ಕೇಂದ್ರವಾಗಿರಿಸಿಕೊಂಡಿವೆ. ಗೊಂಬೆಯ ತೊಗಲು ಎಲ್ಲಿ ಮೊದಲು ಹರಿಯುತ್ತದೆ, ಏಕೆ ಹರಿಯುತ್ತದೆ ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಸಂಗ್ರಹಾಲಯಗಳಲ್ಲಿರುವ ಗೊಂಬೆಗಳಿಗೂ ಇಂದಿಗೂ ಆಟದಲ್ಲಿರುವ ಗೊಂಬೆಗಳಿಗೂ ಈ ಪ್ರಶ್ನೆ ಸಮಾನವಾಗಿ ಅನ್ವಯಿಸುತ್ತದೆ. ಎಂಜಿನಿಯರಿಂಗ್ ತಂತ್ರಾಂಶಗಳು ಇಲ್ಲಿ ನೆರವಾಗಬಲ್ಲವು.

ಇವುಗಳ ಹಿಂದಿನ ಕಲ್ಪನೆ ಸರಳವಾದುದು. ವಸ್ತುವಿನೊಳಗಿನ ಹಾನಿಯನ್ನು ಒಂದೇ ಚರಾಂಕದಿಂದ ಸೂಚಿಸುವ ಮಾರ್ಗವನ್ನು ಎಲ್. ಎಂ. ಕಚನೋವ್ 1958ರಲ್ಲಿ ತೋರಿಸಿದರು. ಇಂದಿನ ರೂಢಿಯಲ್ಲಿ 0 ಎಂದರೆ ಕೆಡದ ವಸ್ತು, 1 ಎಂದರೆ ಪೂರ್ಣ ಹರಿದುದು. ಹಾನಿ 0.3 ಆದಾಗ ಮೂಲ ಬಿಗಿತದ ಶೇ. 70ರಷ್ಟು ಮಾತ್ರ ಉಳಿದಿರುತ್ತದೆ.

ಹೊಸಬರು ಹತ್ತು ತಲೆಯ ರಾವಣನಿಂದ ತೊಡಗುವುದು ವ್ಯರ್ಥಶ್ರಮ. ಒಂದೇ ರಂಧ್ರವಿರುವ ಅಂಗೈಯಗಲದ ತೊಗಲುಪಟ್ಟಿ ಸಾಕು. ಅಗಲವಾದ ಹಾಳೆಯನ್ನು ಎಳೆದಾಗ ದುಂಡುರಂಧ್ರದ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆಂದು ಕಿರ್ಶ್ 1898ರಲ್ಲಿಯೇ ತೋರಿಸಿದ್ದನು. ತಂತ್ರಾಂಶದ ಉತ್ತರ ಇದಕ್ಕೆ ಸಮೀಪವಿಲ್ಲದಿದ್ದರೆ ಮುಂದುವರಿಯಬಾರದು. ಎಳೆತಕ್ಕೆ ಅಡ್ಡಲಾಗಿ ಉಳಿಯಿಂದ ಕೊರೆದ ಸೀಳುಗಂಡಿಯಲ್ಲಿ ಒತ್ತಡ ಇನ್ನೂ ಅಧಿಕ. ಕಿರೀಟ, ಕಂಠಾಭರಣಗಳ ಸೊಬಗಿಗೆ ಕಾರಣವಾದ ಒತ್ತೊತ್ತಾದ ರಂಧ್ರಗಳೇ ಗೊಂಬೆಯ ದುರ್ಬಲ ಸ್ಥಾನಗಳೂ ಆಗಿರುತ್ತವೆ ಎಂಬುದು ಗಮನಾರ್ಹ.

ಅಬಾಕಸ್, ಉಚಿತವಾಗಿ ದೊರೆಯುವ ಕ್ಯಾಲ್ಕ್ಯುಲಿಕ್ಸ್ ಮೊದಲಾದವು ಅಳತೆಯ ಮಾನಗಳನ್ನು ತಾವಾಗಿ ಪರಿಶೀಲಿಸುವುದಿಲ್ಲ. ಮಿಲಿಮೀಟರ್, ನ್ಯೂಟನ್‌ಗಳಲ್ಲಿ ತೊಡಗಿದರೆ ಬಿಗಿತವನ್ನು ಮೆಗಾಪಾಸ್ಕಲ್‌ನಲ್ಲಿಯೇ ಕೊಡಬೇಕು. ಮೇಕೆಯ ಬೆನ್ನಿನ ತೊಗಲೂ ಹೊಟ್ಟೆಯ ತೊಗಲೂ ಒಂದೇ ಅಲ್ಲ. ಉದ್ದಕ್ಕೂ ಅಡ್ಡಕ್ಕೂ ಗುಣ ಬೇರೆ. ಬಳಿಕ ಕಾಲವನ್ನು ಸೇರಿಸಬೇಕು. ತೇವ ಮತ್ತು ಶಾಖಗಳಿಂದ ತೊಗಲಿನ ಕೊಲಾಜನ್ ನಾರುಗಳು ಒಡೆಯುತ್ತವೆ. ಶಾಖಕ್ಕೂ ಈ ವೇಗಕ್ಕೂ ಇರುವ ಸಂಬಂಧವನ್ನು ಸಾಮಾನ್ಯವಾಗಿ ಅರೇನಿಯಸ್ ಸಮೀಕರಣದಿಂದ ಬರೆಯುತ್ತಾರೆ. ಹೀಗೆ ದೊರೆತ ಹಾನಿಯ ಮೌಲ್ಯಕ್ಕೆ ಅನುಗುಣವಾಗಿ ಬಿಗಿತವನ್ನು ಹಂತಹಂತವಾಗಿ ಇಳಿಸುತ್ತ ಹೋಗುವುದೇ ಗಣನೆಯ ತಿರುಳು. ಎಣ್ಣೆದೀಪದ ಜಾಗಕ್ಕೆ ವಿದ್ಯುದ್ದೀಪ ಬಂದುದರ ಪರಿಣಾಮವನ್ನೂ ಇಲ್ಲಿ ಪರೀಕ್ಷಿಸಬಹುದು.

ಬಹುಪಾಲು ಆರಂಭಿಕರು ಎಡವುವುದು ಜಾಲರಿಯ ವಿಷಯದಲ್ಲಿ. ಗಣನೆಗಾಗಿ ಪಟ್ಟಿಯನ್ನು ಸಣ್ಣ ತುಣುಕುಗಳಾಗಿ ವಿಭಜಿಸಿದಷ್ಟೂ ಹಾನಿ ಒಂದೇ ಸಾಲಿನ ತುಣುಕುಗಳಲ್ಲಿ ಕೂಡಿಕೊಂಡು, ತೊಗಲು ಅತಿಸುಲಭವಾಗಿ ಹರಿದಂತೆ ತೋರುತ್ತದೆ. ಅದು ತೊಗಲಿನ ಗುಣವಲ್ಲ, ಗಣನೆಯ ದೋಷ. ಹರಿಯಲು ಬೇಕಾದ ಶಕ್ತಿಯನ್ನು ತುಣುಕಿನ ಅಳತೆಯೊಡನೆ ಹೊಂದಿಸಿ, ಕನಿಷ್ಠ ಮೂರು ಬಗೆಯ ಜಾಲರಿಗಳಲ್ಲಿ ಫಲಿತಾಂಶವನ್ನು ಹೋಲಿಸಬೇಕು.

ಅಂಕಿಗಳು ಎಲ್ಲಿಂದ ಬರಬೇಕು? ತಲೆಮಾರುಗಳಿಂದ ಬಂದ ಗೊಂಬೆಯಿಂದ ಪರೀಕ್ಷೆಗೆ ಚೂರು ಕತ್ತರಿಸುವುದು ಸಲ್ಲದು. ಕಲಾವಿದರೇ ಹೊಸದಾಗಿ ಸಿದ್ಧಪಡಿಸಿದ ತೊಗಲನ್ನು ಶಾಖ, ತೇವಗಳಲ್ಲಿರಿಸಿ ಕೃತಕವಾಗಿ ಮುಪ್ಪಾಗಿಸಿ ಎಳೆದು ನೋಡಬಹುದು. ಆದರೆ ಒಲೆಯಲ್ಲಿ ಮುಪ್ಪಾದ ತೊಗಲು ದೀಪದ ಹೊಗೆ ಕುಡಿದು, ನೂರಾರು ರಾತ್ರಿ ಕುಣಿದ ತೊಗಲಿಗೆ ಸಮನಲ್ಲ. ಇಂತಹ ಅಂಕಿಯೊಂದನ್ನೇ ಮುಂದಿಟ್ಟು ಒಂದು ಮೇಳಕ್ಕೆ ‘ಈ ಗೊಂಬೆಯನ್ನು ಇನ್ನು ಆಡಿಸಬೇಡಿ’ ಎನ್ನುವುದು ಅವಸರದ ತೀರ್ಮಾನವಾದೀತು. ಅದಕ್ಕೆ ಮೊದಲು ಹಳೆಯ ಗೊಂಬೆಗಳ ಮೇಲಿನ ತೇಪೆ, ಹೊಲಿಗೆಗಳನ್ನು ಒಂದೊಂದಾಗಿ ನಕ್ಷೆಯಲ್ಲಿ ಗುರುತಿಸಿ, ಗಣಕ ತೋರಿಸಿದ ದುರ್ಬಲ ಸ್ಥಾನಗಳೊಡನೆ ಇಟ್ಟು ನೋಡಬೇಕಾಗುತ್ತದೆ.