ಹಿತ್ತಿಲ ಮನೆ: ನಿಯಮವೂ ಆರೋಗ್ಯವೂ

ವಿಶಾಖಪಟ್ಟಣದ ಸೀತಮ್ಮಧಾರೆಯಲ್ಲಾಗಲಿ, ವಿಜಯವಾಡದ ಪಟಮಟ, ಸತ್ಯನಾರಾಯಣಪುರಗಳಲ್ಲಾಗಲಿ ಬಾಡಿಗೆಮನೆಗಾಗಿ ಅಲೆದ ಕನ್ನಡಿಗರಿಗೆ ‘ಪೋರ್ಷನ್’ ಎಂಬ ಶಬ್ದದ ಪರಿಚಯ ಇದ್ದೇ ಇರುತ್ತದೆ. ಮಾಲೀಕರ ಮನೆಯ ಪಕ್ಕದ ಓಣಿಯಲ್ಲಿ ಮೈ ಓರೆ ಮಾಡಿಕೊಂಡು ಹಿಂಬದಿಗೆ ಹೋದರೆ ಅಲ್ಲೊಂದು ಕೋಣೆ; ಅದಕ್ಕೆ ಅಂಟಿಕೊಂಡಂತೆ ಅಡಿಗೆಗೊಂದು ಮೂಲೆ; ಮೇಲೆ ತಗಡಿನ ಅಥವಾ ಕಲ್ನಾರಿನ ಹೊದಿಕೆ. ತೆಲುಗರು ಇಂಥದನ್ನು ‘ರೇಕುಲ ಇಲ್ಲು’ ಎನ್ನುತ್ತಾರೆ. ಮೈಸೂರು, ಬೆಂಗಳೂರುಗಳ ಕಡೆಯವರು ‘ಔಟ್‌ಹೌಸ್’ ಎಂದು ಸ್ವಲ್ಪ ಗೌರವದಿಂದಲೇ ಕರೆಯುವುದುಂಟು. ಬ್ಯಾಂಕು, ರೈಲ್ವೆಗಳ ನೌಕರಿಯಲ್ಲಿ ವರ್ಗವಾಗಿ ಬಂದವರು, ಹೋಟೆಲಿನ ಉದ್ಯೋಗಕ್ಕೆಂದು ಉಡುಪಿ, ಕುಂದಾಪುರದ ಕಡೆಯಿಂದ ಬಂದವರು ಮೊದಲು ಇಂಥ ಮನೆಯಲ್ಲಿ ಬಾಡಿಗೆಗಿದ್ದು, ಕ್ರಮೇಣ ಸ್ವಂತ ನಿವೇಶನ ಕೊಂಡು, ಇಂದು ತಮ್ಮ ಮನೆಯ ಹಿಂದೆಯೂ ಅಂಥದೇ ಒಂದು ಕೋಣೆಯನ್ನು ಕಟ್ಟಿಸುವ ಯೋಚನೆಯಲ್ಲಿರುವುದು ಅಪರೂಪವೇನಲ್ಲ. ಊರಿನಲ್ಲಿ ಒಂಟಿಯಾಗಿ ಉಳಿದ ತಾಯಿಯನ್ನು ಕರೆತಂದು ಇರಿಸಿಕೊಳ್ಳಬೇಕೆಂಬುದು ಒಬ್ಬರ ಆಸೆ. ನಿವೃತ್ತಿಯ ನಂತರ ತಿಂಗಳಿಗೆ ನಾಲ್ಕು ಕಾಸು ಬಾಡಿಗೆ ಬರಲೆಂಬುದು ಇನ್ನೊಬ್ಬರ ಲೆಕ್ಕ. ಎರಡೂ ನ್ಯಾಯವಾದುವೇ. ತೊಡಕಿರುವುದು ಆ ಕೋಣೆಯನ್ನು ಕಟ್ಟುವ ಜಾಗದಲ್ಲಿ.

ಮನೆಯ ಗೋಡೆಗೂ ಆವರಣದ ಗೋಡೆಗೂ ನಡುವೆ ಆಕಾಶಕ್ಕೆ ತೆರೆದಂತೆ ಬಿಡಬೇಕಾದ ಪಟ್ಟಿಗೆ ನಗರಪಾಲಿಕೆಯ ಭಾಷೆಯಲ್ಲಿ ‘ಸೆಟ್‌ಬ್ಯಾಕ್’ ಎಂದು ಹೆಸರು. ಈ ಎರಡು ನಗರಗಳಿಗೂ ಅನ್ವಯಿಸುವ 2017ರ ಆಂಧ್ರ ಪ್ರದೇಶ ಕಟ್ಟಡ ನಿಯಮಗಳಲ್ಲಿ ನಿವೇಶನ ದೊಡ್ಡದಾದಂತೆ, ಕಟ್ಟಡ ಎತ್ತರವಾದಂತೆ ಈ ಪಟ್ಟಿಯ ಅಗಲವೂ ಹೆಚ್ಚುತ್ತದೆ. ಹಿಂದಿನ ಪುಟ್ಟ ಮನೆಯಾದರೂ ಕಟ್ಟಡವೇ. ಅದಕ್ಕೂ ನಕ್ಷೆ ಬೇಕು, ಪರವಾನಗಿ ಬೇಕು. ‘ಒಂದೇ ಕೋಣೆಯಲ್ಲವೆ, ಯಾರು ಕೇಳುತ್ತಾರೆ’ ಎಂಬ ಮೇಸ್ತ್ರಿಯ ಅಭಯವಚನಕ್ಕೆ ಕಾಯ್ದೆಯಲ್ಲಿ ಆಧಾರವಿಲ್ಲ. ಅಮೆರಿಕದಲ್ಲಿರುವ ಮಕ್ಕಳು ‘ಇಲ್ಲಿ ಹಿತ್ತಿಲ ಮನೆಗೆ ಸರಕಾರವೇ ಪ್ರೋತ್ಸಾಹ ಕೊಡುತ್ತದೆ’ ಎಂದು ಬರೆಯುವುದುಂಟು. ಅದು ನಿಜ. ಕ್ಯಾಲಿಫೋರ್ನಿಯದಲ್ಲಿ 2020ರಿಂದ ಜಾರಿಗೆ ಬಂದ ಕಾನೂನುಗಳು ಇಂಥ ಮನೆಗಳಿಗೆ ನಗರಸಭೆಗಳು ಸುಮ್ಮನೆ ಅಡ್ಡಿಮಾಡದಂತೆ ಕಟ್ಟು ಹಾಕಿವೆ. ಆದರೆ ಅಲ್ಲಿಯೂ ಹೊಸದಾಗಿ ಕಟ್ಟುವವರು ಹಿಂದಕ್ಕೂ ಪಕ್ಕಕ್ಕೂ ನಾಲ್ಕು ಅಡಿ ಜಾಗ ಬಿಡಬೇಕೆಂದು ಕೇಳಲು ಅವಕಾಶವಿದೆಯೆಂಬ ಮಾತು ಕಾಗದದಲ್ಲಿ ಬರುವುದಿಲ್ಲ.

ಒಂದು ಲೆಕ್ಕವನ್ನು ನೋಡಬಹುದು. ಮೂವತ್ತು ಅಡಿ ಅಗಲ, ಅರುವತ್ತು ಅಡಿ ಉದ್ದದ ನಿವೇಶನವೆಂದರೆ ಅಲ್ಲಿಯವರ ಎಣಿಕೆಯಲ್ಲಿ 200 ಚದರ ಗಜ, ಸುಮಾರು 167 ಚದರ ಮೀಟರ್. ಮುಂದೆ ಒಂದೂವರೆ ಮೀಟರ್, ಉಳಿದ ಮೂರು ಬದಿಗಳಲ್ಲಿ ಒಂದೊಂದು ಮೀಟರ್ ಬಿಟ್ಟಿರೆಂದು ಇಟ್ಟುಕೊಂಡರೆ ಕಟ್ಟಲು ಉಳಿಯುವುದು ಸುಮಾರು 113 ಚದರ ಮೀಟರ್. ಮುಂದಿನ ಮನೆ 10 ಮೀಟರ್ ಉದ್ದಕ್ಕೆ ತೃಪ್ತಿಪಟ್ಟುಕೊಂಡು, ಎರಡು ಮನೆಗಳ ನಡುವೆ ಎರಡು ಮೀಟರ್ ಅಂಗಳವನ್ನು ಬಿಟ್ಟರೆ, ಹಿಂದಿನ ಮನೆಗೆ 27 ಚದರ ಮೀಟರ್ ದೊರೆಯುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಕೋಣೆಗೆ ಕನಿಷ್ಠ 9.5 ಚದರ ಮೀಟರ್, ಅಡಿಗೆಮನೆಗೆ 5, ಬಚ್ಚಲು ಮತ್ತು ಶೌಚ ಕೂಡಿದ ಕೋಣೆಗೆ 2.8 ಎಂದು ಹೇಳುತ್ತದೆ, ಒಟ್ಟು 17.3. ಗೋಡೆಯ ದಪ್ಪ ಕಳೆದರೂ ಇಬ್ಬರ ವಾಸಕ್ಕೆ ಸಾಲದೆನ್ನುವಂತಿಲ್ಲ. ಅಂದರೆ ನಿಯಮಕ್ಕೆ ಒಳಪಟ್ಟ ಹಿತ್ತಿಲ ಮನೆ ಅಸಾಧ್ಯವೇನಲ್ಲ. ಮುಂದಿನ ಮನೆಯನ್ನು ಕಟ್ಟುವಾಗಲೇ ಅದನ್ನು ನೆನೆದಿರಬೇಕು. ಬಹುಮಂದಿ ಮಾಡುವುದು ಬೇರೆ. ಮುಂದಿನ ಮನೆಯನ್ನೇ ಅಂಚಿನವರೆಗೆ ಹಿಗ್ಗಿಸಿ, ಹತ್ತು ವರ್ಷಗಳ ಬಳಿಕ ಉಳಿದ ಪಟ್ಟಿಯ ಮೇಲೆ ತಗಡು ಹೊದಿಸುತ್ತಾರೆ.

ಈ ಪಟ್ಟಿಯನ್ನು ಬರಿದೆ ಬಿಟ್ಟ ಜಾಗವೆಂದು ಬಗೆಯುವುದೇ ತಪ್ಪಿನ ಮೂಲ. ಅದರ ಹುಟ್ಟು ವೈದ್ಯಕ್ಕೆ ಸಂಬಂಧಿಸಿದ್ದು. 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಕ್ಕಟ್ಟಾದ ಮನೆಗಳ ಮೇಲೆ ಆಡಳಿತದ ದೃಷ್ಟಿ ಬಿತ್ತು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಭಯದಿಂದ. ಅಲ್ಲಿ ಮನೆಗಳ ಹಿಂದಿನ ಓಣಿಗಳನ್ನು ಈಗಲೂ ಕಾಣಬಹುದು. ಮುಂಬಯಿಯ ಇಂಪ್ರೂವ್‌ಮೆಂಟ್ ಟ್ರಸ್ಟು ಪ್ರತಿಯೊಂದು ಕೋಣೆಗೂ ಆಕಾಶದ ಬೆಳಕು ಬೀಳಬೇಕೆಂದು ಅರುವತ್ತಮೂರೂವರೆ ಡಿಗ್ರಿಯ ಅಳತೆಯನ್ನೇ ಗೊತ್ತುಮಾಡಿತ್ತು. ಪ್ಲೇಗನ್ನು ಹರಡುವುದು ಕೆಟ್ಟ ಗಾಳಿಯಲ್ಲ, ಇಲಿಯ ಮೈಮೇಲಿನ ಚಿಗಟ ಎಂಬುದು ಆಮೇಲೆ ಸಿದ್ಧವಾಯಿತು. ಕಾರಣ ತಪ್ಪಿದರೂ ಮದ್ದು ಬೇರೊಂದು ರೋಗಕ್ಕೆ ಸರಿಯಾಗಿಯೇ ನಾಟಿತೆನ್ನಬೇಕು. ಕ್ಷಯದ ರೋಗಾಣುಗಳು ರೋಗಿಯ ಕೆಮ್ಮಿನಿಂದ ಹೊರಬಿದ್ದು, ಗಾಳಿಯಾಡದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲಬಲ್ಲವು. ಎದುರುಬದುರಾದ ಕಿಟಕಿಗಳಿದ್ದರೆ ಅವು ಚದುರಿಹೋಗುತ್ತವೆ. ಬಿಸಿಲು ಬಿದ್ದರೆ ನಾಶವಾಗುತ್ತವೆ. ಮೂರು ಕಡೆ ಗೋಡೆ, ಒಂದು ಕಡೆ ಬಾಗಿಲು ಇರುವ ಹಿಂಗೋಣೆಯಲ್ಲಿ ಒಬ್ಬರಿಗೆ ಬಂದ ಕೆಮ್ಮು ಉಳಿದವರನ್ನು ಬಿಡುವುದು ಕಷ್ಟ. ಬಿಸಿ ಮತ್ತು ತೇವದ ಪ್ರದೇಶಗಳಲ್ಲಿ ಕಿಟಕಿಗಳ ವಿಸ್ತಾರ ನೆಲದ ಆರನೆಯ ಒಂದು ಭಾಗವಿರಬೇಕೆಂದೂ, ಕಿಟಕಿ ಬಯಲಿಗೆ ತೆರೆಯಬೇಕೆಂದೂ ಸಂಹಿತೆ ಹೇಳುವುದು ಇದಕ್ಕಾಗಿಯೇ. ಪಕ್ಕದವರ ಗೋಡೆಗೆ ತೆರೆಯುವ ಕಿಟಕಿ ಕಿಟಕಿಯಲ್ಲ.

ಇನ್ನು ಸೆಕೆಯ ಮಾತು. ಮೇ ತಿಂಗಳಿನಲ್ಲಿ ವಿಜಯವಾಡದ ಉಷ್ಣತೆ 45 ಡಿಗ್ರಿಯನ್ನು ಮುಟ್ಟಿದ ದಿನಗಳಿವೆ. ವಿಶಾಖಪಟ್ಟಣದಲ್ಲಿ ಅಷ್ಟಿಲ್ಲದಿದ್ದರೂ ಕಡಲಿನ ತೇವದಿಂದಾಗಿ ಬೆವರು ಆರುವುದಿಲ್ಲ. ತಲೆಯ ಮೇಲೆ ಎರಡು ಮೊಳದಲ್ಲೇ ತಗಡು ಕಾಯುತ್ತಿದ್ದರೆ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತದೆ. ಸಂಹಿತೆಯು ಕೋಣೆಗೆ 2.75 ಮೀಟರ್ ಎತ್ತರ ಕೇಳುವುದು ಅಂದಕ್ಕಾಗಿ ಅಲ್ಲ. ವಯಸ್ಸಾದವರಿಗೆ ಬಾಯಾರಿಕೆಯ ಅರಿವು ಕಡಿಮೆಯಾಗುತ್ತದೆ, ಬೆವರುವ ಶಕ್ತಿ ಕುಗ್ಗುತ್ತದೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರ ಮೈಯಲ್ಲಿ ನೀರಿನ ಅಂಶವೂ ಇಳಿದಿರುತ್ತದೆ. ಅಂಥವರು ಮಧ್ಯಾಹ್ನ ಮಾತಿನಲ್ಲಿ ತಡವರಿಸತೊಡಗಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ, ಅದನ್ನು ಮುಪ್ಪಿನ ಮರೆವೆಂದು ತಳ್ಳಿಹಾಕಬಾರದು. ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮುಂದಿನ ಮನೆಯಲ್ಲಿ ಕೂಲರಿನ ಸದ್ದಿನೊಡನೆ ನಿದ್ರಿಸುತ್ತಿರುವ ಮಗನಿಗೆ ಹಿಂದಿನ ಕೋಣೆಯ ತಾಯಿಯ ನರಳಿಕೆ ಕೇಳಿಸುವುದೆಂತು? ಕಲ್ನಾರಿನ ಹಾಳೆಯನ್ನು ಕೊಯ್ಯುವಾಗ, ಕೊರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಅಪಾಯಕರವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಎರಡು ನಗರಗಳೂ ಪ್ರಕೃತಿಯಿಂದ ಪಾಠ ಕಲಿತಿವೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ಸರಿಯಾಗಿ ಬಿಗಿಯದ ಹಾಳೆಗಳು ಕತ್ತಿಗಳಂತೆ ಹಾರಿದವು. 2024ರ ಸೆಪ್ಟೆಂಬರ್ ಮೊದಲಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರದ ಸುತ್ತ ನೀರು ದಿನಗಟ್ಟಲೆ ನಿಂತಿತು. ಮಹಡಿಯಿದ್ದವರು ಮಹಡಿ ಹತ್ತಿದರು. ಒಂದೇ ಅಂತಸ್ತಿನ ಹಿಂಗೋಣೆಗೆ ಮಹಡಿ ಎಲ್ಲಿಯದು? ಹೊರಗೆ ಬರಲು ಇರುವುದೂ ಆ ಇಕ್ಕಟ್ಟಾದ ಓಣಿಯೊಂದೇ. ಬೆಂಕಿ ಬಿದ್ದರೂ ಅದೇ ದಾರಿ, ಸ್ಟ್ರೆಚರು ತರಬೇಕಾದರೂ ಅದೇ ದಾರಿ.

ಪರವಾನಗಿಯಿಲ್ಲದೆ ಕಟ್ಟಿದವರಿಗೆ 1955ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ 452ನೆಯ ವಿಧಿಯಂತೆ ಕಾರಣ ಕೇಳುವ ನೋಟೀಸು, 636ನೆಯ ವಿಧಿಯಂತೆ ಕೆಡಹುವ ಆಜ್ಞೆ ಬರಬಹುದು. ‘ತೆರಿಗೆ ಕಟ್ಟಿಸಿಕೊಂಡಿದ್ದಾರೆ, ಆದ್ದರಿಂದ ಸಕ್ರಮ’ ಎಂಬ ನಂಬಿಕೆ ಬಹಳ ಬಲವಾಗಿದೆ, ಅದು ಹುಸಿ. ಅನಧಿಕೃತ ಭಾಗಕ್ಕೆ ದಂಡ ಸೇರಿಸಿ ತೆರಿಗೆ ವಸೂಲು ಮಾಡಿದರೂ ಆ ರಸೀದಿ ಪರವಾನಗಿಯಾಗುವುದಿಲ್ಲ. 2007ರ ಕೊನೆಯಲ್ಲಿ ಸರಕಾರ ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಯೋಜನೆಯನ್ನು ತಂದಿತು; ಅನಂತರವೂ ಅಂಥವು ಬಂದಿವೆ. ಇನ್ನೊಂದು ಬಂದೇ ಬರುವುದೆಂದು ಕಾದು ಕಟ್ಟುವವರು ಲಾಟರಿ ಕೊಂಡವರ ಹಾಗೆ. ದಂಡ ಕಟ್ಟಿದರೆ ಕಾಗದ ಸಕ್ರಮವಾದೀತು, ಕೋಣೆಗೆ ಕಿಟಕಿ ಬಾರದು. 2024ರ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯವು ಅನಧಿಕೃತ ಕಟ್ಟಡ ಎಷ್ಟು ಹಳೆಯದಾದರೂ ಅದರಿಂದ ಹಕ್ಕು ಹುಟ್ಟದೆಂದು ಸ್ಪಷ್ಟಪಡಿಸಿ, ಸಾಲ ಕೊಡುವ ಬ್ಯಾಂಕುಗಳು ಪೂರ್ಣತಾ ಪತ್ರವನ್ನು ನೋಡಬೇಕೆಂದಿದೆ. ನಾಳೆ ಮನೆ ಮಾರಿ ಊರಿಗೆ ಮರಳಬೇಕೆಂದಿರುವ ಕನ್ನಡಿಗರು ಇದನ್ನು ಗಮನಿಸುವುದೊಳ್ಳೆಯದು.

ಹಾಗಾದರೆ ಅಗಲವಾದ ನಿವೇಶನವಿಲ್ಲದವರ ಗತಿಯೇನು? ಎತ್ತರಕ್ಕೆ ಅವಕಾಶವಿದ್ದರೆ ನಕ್ಷೆಯನ್ನು ಮಂಜೂರು ಮಾಡಿಸಿ ಮೇಲೊಂದು ಅಂತಸ್ತನ್ನು ಕಟ್ಟಿ, ಪ್ರತ್ಯೇಕ ಮೆಟ್ಟಿಲಿಟ್ಟು, ಬಾಡಿಗೆಗೆ ಕೊಡುವುದು ಮೇಲು. ತಳಪಾಯ ಆ ಭಾರ ಹೊರುವುದೇ ಎಂಬುದನ್ನು ಇಂಜಿನಿಯರರಿಂದ ಮೊದಲೇ ತಿಳಿಯಬೇಕು. ನಕ್ಷೆಯ ಅರ್ಜಿ ಈಗ ಆನ್‌ಲೈನಿನಲ್ಲಿ, ಪರವಾನಗಿಯುಳ್ಳ ತಂತ್ರಜ್ಞರ ಮೂಲಕ ಹೋಗುತ್ತದೆ. ವಿಶಾಖಪಟ್ಟಣದಲ್ಲಿ ಕಡಲಿಗೆ ಹತ್ತಿರವಿರುವ ನಿವೇಶನವಾದರೆ ಕರಾವಳಿ ನಿಯಂತ್ರಣ ವಲಯದ ನಿಬಂಧನೆಗಳನ್ನೂ ವಿಚಾರಿಸಬೇಕಾಗುತ್ತದೆ. ತಾಯಿಯ ಕೋಣೆ ಮಾತ್ರ ಕೆಳಗೆ, ಮನೆಯ ಒಳಗೇ ಇರಲಿ: ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯುವಂತೆ, ಗಾಲಿಕುರ್ಚಿ ನುಗ್ಗುವಷ್ಟು ಅಗಲಕ್ಕೆ, ರಾತ್ರಿ ಕರೆದರೆ ಮಗನಿಗೆ ಕೇಳಿಸುವ ದೂರದಲ್ಲಿ. ಹಿತ್ತಿಲ ಆ ಮೂರಡಿ ಪಟ್ಟಿಯಲ್ಲಿ ಒಂದು ಕರಿಬೇವು, ನಾಲ್ಕು ತುಳಸಿ ಬೆಳೆದರೆ ಸಂಜೆ ಅವರಿಗೆ ನೀರು ಹನಿಸುವ ಕೆಲಸವೂ ಸಿಗುತ್ತದೆ.